ಮಾಸ್ತರು ಎಷ್ಟು ಹೇಳಬೇಕು? ಅನ್ವೇಷಣಾ ಕಲಿಕೆ ನಡೆದು ಬಂದ ದಾರಿ

ಕಾರವಾರದ ಕಾಳಿ ನದಿಯ ಅಳಿವೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿವೆ. ಅದರಲ್ಲಿ ಒಂದು ಜಾತಿಯ ಎಲೆ ನೆಕ್ಕಿದರೆ ನಾಲಿಗೆಗೆ ಉಪ್ಪು ಹತ್ತುತ್ತದೆ. 'ಹೆಚ್ಚಾದ ಉಪ್ಪನ್ನು ಈ ಗಿಡ ಎಲೆಯಿಂದ ಹೊರಹಾಕುತ್ತದೆ' ಎಂದು ಅಕ್ಕೋರು ಕ್ಲಾಸಿನಲ್ಲೇ ಬರೆಸಬಹುದು. ಇಲ್ಲವೇ ಮಕ್ಕಳನ್ನು ಅಲ್ಲಿಗೇ ಕರೆದೊಯ್ದು, 'ಈ ಉಪ್ಪು ಎಲ್ಲಿಂದ ಬಂತು?' ಎಂದು ಕೇಳಿ ಸುಮ್ನಿರಬಹುದು. ನೀರು ಸಿಡಿದು ಬಂದಿರಬೇಕು ಎಂದು ಒಬ್ಬ ಹೇಳುತ್ತಾನೆ. ಹಾಗಾದರೆ ಪಕ್ಕದ ಬೇರೆ ಗಿಡದ ಎಲೆಯೂ ಉಪ್ಪಾಗಿರಬೇಕಲ್ವಾ? ಎಲೆ ತೊಳೆದು ಮರುದಿನ ನೋಡಿದರೆ? ಉತ್ತರವನ್ನು ಮಗುವೇ ಹೀಗೆ ಹುಡುಕಿಕೊಳ್ಳುವುದು ಅನ್ವೇಷಣಾ ಕಲಿಕೆ.

ಈ ವಿಚಾರ ಹೊಸದಲ್ಲ. 1762ರಲ್ಲೇ ತತ್ವಜ್ಞಾನಿ ರೂಸೋ, ಮಗುವಿಗೆ ವಿಜ್ಞಾನ ಹೇಳಿಕೊಡಬೇಡಿ, ಅದೇ ಕಂಡುಕೊಳ್ಳಲಿ ಎಂದು ವಾದಿಸಿದ್ದ. 1896ರಲ್ಲಿ ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ ಷಿಕಾಗೋದಲ್ಲಿ ಶಾಲೆ ತೆರೆದು, ಅಡುಗೆ, ಮರಗೆಲಸ, ನೇಯ್ಗೆಯ ಮೂಲಕ ಪಾಠ ಶುರುಮಾಡಿದರು. 1883ರಲ್ಲಿ ಕಾರವಾರದಲ್ಲಿದ್ದು ಹೋದ ರವೀಂದ್ರನಾಥ ಟ್ಯಾಗೋರ್ 1901ರಲ್ಲಿ ಶಾಂತಿನಿಕೇತನದಲ್ಲಿ ಮರದಡಿಯ ಶಾಲೆ ಕಟ್ಟಿದರು. ಇಲ್ಲಿನ ಕಡಲತೀರಕ್ಕೆ ಅವರ ಹೆಸರಿಟ್ಟಿದ್ದೇವೆ. ಅವರ ಶಾಲೆಯ ರೀತಿಯನ್ನೂ ನಮ್ಮದು ಮಾಡಿಕೊಳ್ಳಬೇಕಿತ್ತು ಎಂದು ನನಗೆ ಬಲವಾಗಿ ಅನಿಸುತ್ತದೆ.

ಇದಕ್ಕೆ ಸಿದ್ಧಾಂತದ ರೂಪ ಕೊಟ್ಟವರು ಅಮೆರಿಕದ ಮನೋವಿಜ್ಞಾನಿ ಜೆರೋಮ್ ಬ್ರೂನರ್. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹ ಹಾರಿಸಿದ ಮೇಲೆ ಅಮೆರಿಕಕ್ಕೆ ತನ್ನ ವಿಜ್ಞಾನ ಪಾಠದ ಬಗ್ಗೆ ಚಿಂತೆ ಹತ್ತಿತ್ತು. ಆ ಹೊತ್ತಿನಲ್ಲಿ, 1961ರಲ್ಲಿ, ಬ್ರೂನರ್ ಬರೆದ ಲೇಖನ ದೊಡ್ಡ ಚರ್ಚೆ ಎಬ್ಬಿಸಿತು. ತಾನೇ ಕಂಡುಕೊಂಡದ್ದು ನೆನಪಿನಲ್ಲಿ ಚೆನ್ನಾಗಿ ಉಳಿಯುತ್ತದೆ, ಬಹುಮಾನದ ಆಸೆಯೂ ಬೇಕಾಗುವುದಿಲ್ಲ ಎಂಬುದು ಅವರ ವಾದ. ಇನ್ನೊಬ್ಬ ಮನೋವಿಜ್ಞಾನಿ ಡೇವಿಡ್ ಆಸುಬೆಲ್ ಒಪ್ಪಲಿಲ್ಲ. ಚೆನ್ನಾಗಿ ಜೋಡಿಸಿ ವಿವರಿಸಿದ ಪಾಠವೂ ಅರ್ಥಪೂರ್ಣ ಕಲಿಕೆಯೇ ಎಂದರು.

ಆಸುಬೆಲ್ ಮಾತಿನಲ್ಲಿ ಹುರುಳಿತ್ತು. ಮಕ್ಕಳನ್ನು ಪೂರ್ತಿ ಅವರ ಪಾಡಿಗೆ ಬಿಟ್ಟ ಪ್ರಯೋಗಗಳು ಮತ್ತೆ ಮತ್ತೆ ಸೋತಿವೆ ಎಂದು 2004ರಲ್ಲಿ ಮನೋವಿಜ್ಞಾನಿ ರಿಚರ್ಡ್ ಮೇಯರ್ ತೋರಿಸಿದರು. 2011ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಅದೇ ಕಂಡಿತು. ಸಹಾಯವಿಲ್ಲದ ಹುಡುಕಾಟ ನೇರ ಪಾಠಕ್ಕಿಂತ ಹಿಂದೆ ಬಿತ್ತು. ಸರಿಯಾದ ಹೊತ್ತಿಗೆ ಸುಳಿವು, ಪ್ರಶ್ನೆ ಸಿಕ್ಕ ಹುಡುಕಾಟ ಮುಂದೆ ನಿಂತಿತು. ಅಂದರೆ ಅಕ್ಕೋರ ಕೆಲಸ ಇಲ್ಲಿ ಕಡಿಮೆಯಾಗುವುದಿಲ್ಲ, ಜಾಸ್ತಿಯಾಗುತ್ತದೆ. ಯಾವ ಗಿಡ ತೋರಿಸಬೇಕು, ಯಾವಾಗ ಬಾಯಿ ಮುಚ್ಚಿಕೊಂಡಿರಬೇಕು ಎಂದು ಮೊದಲೇ ಯೋಚಿಸಿರಬೇಕು.

ನಮ್ಮ ರಾಜ್ಯದ ಕಿರಿಯ ತರಗತಿಗಳ ನಲಿ-ಕಲಿ ಪದ್ಧತಿ ಇದಕ್ಕೆ ಹತ್ತಿರದ ನಂಟು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ, ಆಂಧ್ರದ ರಿಷಿ ವ್ಯಾಲಿ ಶಾಲೆಯ ಪದ್ಧತಿ ನೋಡಿ ಬಂದ ಶಿಕ್ಷಕರೇ ಶುರುಮಾಡಿದ್ದು. 2009ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಮಕ್ಕಳು ಗುಂಪಾಗಿ ಕೂತು, ಕಾರ್ಡು ಹಿಡಿದು, ಕಲಿಕಾ ಏಣಿ (ಪಾಠದ ಮೆಟ್ಟಿಲುಗಳ ಪಟ್ಟಿ) ನೋಡಿಕೊಂಡು ತಮ್ಮ ವೇಗದಲ್ಲಿ ಮುಂದೆ ಹೋಗುತ್ತಾರೆ. ಶಿರಸಿ, ಯಲ್ಲಾಪುರದ ಕಡೆ ದೂರ ದೂರದ ಮನೆಗಳಿಂದ ಬರುವ ನಾಲ್ಕಾರು ಮಕ್ಕಳ ಶಾಲೆಗೆ ಇದು ಚೆನ್ನಾಗಿ ಹೊಂದುತ್ತದೆ. ಕೊರತೆ ಒಂದಿದೆ. ಕಾರ್ಡಿನ ಪ್ರಶ್ನೆ ಬೇರೆಯವರು ಬರೆದದ್ದು. ಅಂಗಳದ ಅಡಿಕೆ ಮರದ ಬಗ್ಗೆ ಮಗುವಿಗೇ ಹುಟ್ಟಿದ ಪ್ರಶ್ನೆಗೆ ಅದರಲ್ಲಿ ಜಾಗ ಕಡಿಮೆ.

ಮೇಲಿನ ತರಗತಿಗಳಲ್ಲಿ ತೊಡಕು ಬೇರೆ. ಅಳಿವೆಗೆ ಹೋಗಬೇಕೆಂದರೆ ಇಳಿತ ನೋಡಿಕೊಳ್ಳಬೇಕು, ಆದರೆ ಭರತ-ಇಳಿತದ ವೇಳೆ ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಶಾಲೆಯ ವೇಳಾಪಟ್ಟಿ ಇದ್ದಲ್ಲೇ ಇರುತ್ತದೆ. ಹೊರಗೆ ಹೋಗಿ ನೋಡುವ ಪಾಠಕ್ಕೆ ಎರಡು ಪೀರಿಯಡ್ ಒಟ್ಟಿಗೆ ಸಿಗಬೇಕು. ಪರೀಕ್ಷೆಯೂ ಬದಲಾಗಬೇಕು. ಇದು ಆಗದ ಮಾತೇನಲ್ಲ. ಮಧ್ಯಪ್ರದೇಶದ ಹೊಶಂಗಾಬಾದಿನಲ್ಲಿ 1972ರಲ್ಲಿ 16 ಶಾಲೆಗಳಲ್ಲಿ ಶುರುವಾದ ವಿಜ್ಞಾನ ಕಾರ್ಯಕ್ರಮ ಅದನ್ನು ಮಾಡಿ ತೋರಿಸಿತ್ತು. ಅಲ್ಲಿ ಮಕ್ಕಳು ಪುಸ್ತಕ ಇಟ್ಟುಕೊಂಡೇ ಪರೀಕ್ಷೆ ಬರೆಯುತ್ತಿದ್ದರು, ಪ್ರಯೋಗ ಮಾಡಿ ತೋರಿಸುತ್ತಿದ್ದರು. ನೂರಾರು ಹಳ್ಳಿ ಶಾಲೆಗಳಿಗೆ ಹಬ್ಬಿದ್ದ ಅದನ್ನು 2002ರಲ್ಲಿ ಅಲ್ಲಿನ ಸರ್ಕಾರ ನಿಲ್ಲಿಸಿತು.