ಡಯಲ್-ಅಪ್ ಬಿಬಿಎಸ್‌ಗೆ ಮೇಲ್ ಡೋರ್ ಜೋಡಿಸುವುದು: ಡೋರ್.ಸಿಸ್‌ನ 2ನೇ ಸಾಲು, 5ನೇ ಸಾಲು

ಹಳೆಯ ಡಾಸ್ ಬಿಬಿಎಸ್‌ಗಳನ್ನು ಕಲಿಯುತ್ತಿರುವವರಿಗಾಗಿ ಈ ಟಿಪ್ಪಣಿ. ಬಿಬಿಎಸ್ ಅಂದರೆ ಜನ ಮೋಡೆಮ್‌ನಿಂದ ಫೋನ್ ಕರೆ ಮಾಡಿ ಸಂದೇಶ ಓದುವ, ಬರೆಯುವ ಕಂಪ್ಯೂಟರ್ ಫಲಕ. ಬಿಬಿಎಸ್ ತಂತ್ರಾಂಶ ಹಾಕುವುದು, ಮೆನು ಬರೆಯುವುದು, ಮೋಡೆಮ್‌ಗೆ ಎಟಿ ಆಜ್ಞೆ ಕೊಡುವುದು ನಿಮಗೆ ಗೊತ್ತಿದೆ ಅಂತ ಇಟ್ಟುಕೊಂಡಿದ್ದೇನೆ. ಇಲ್ಲಿರುವುದು ಕ್ಯೂಡಬ್ಲ್ಯೂಕೆ ಮೇಲ್ ಡೋರ್ ವಿಷಯ ಮಾತ್ರ. ಡೋರ್ ಅಂದರೆ ಬಿಬಿಎಸ್ ಓಡಿಸುವ ಹೊರಗಿನ ಪ್ರೋಗ್ರಾಂ. ಮೇಲ್ ಡೋರ್ ಸಂದೇಶಗಳನ್ನು ಒಂದು ಪೊಟ್ಟಣವಾಗಿ ಕಟ್ಟಿಕೊಡುತ್ತದೆ. ಅದರಲ್ಲೂ ಮುಕ್ಕಾಲು ಭಾಗ, ಬಿಬಿಎಸ್ ಡೋರ್‌ಗಾಗಿ ಬರೆದಿಡುವ ಡೋರ್.ಸಿಸ್ ಎಂಬ ಫೈಲ್‌ನ ಎರಡು ಸಾಲುಗಳ ಬಗ್ಗೆ. ಅವೆರಡು ತಲೆಗೆ ಇಳಿದರೆ ಉಳಿದದ್ದು ಸುಲಭ.

ಈ ಡೋರ್ ಏಕೆ ಬೇಕು

1978ರ ಫೆಬ್ರವರಿ 16ರಂದು ಶಿಕಾಗೋದಲ್ಲಿ ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರಾಂಡಿ ಸ್ಯೂಸ್ ಸಿಬಿಬಿಎಸ್ ಶುರುಮಾಡಿದರು. ಮೊದಲ ಡಯಲ್-ಅಪ್ ಬಿಬಿಎಸ್ ಅದು. ಅಲ್ಲಿಂದ ಮುಂದೆ ಮನೆಯಿಂದ ನಡೆಯುತ್ತಿದ್ದ ಬಿಬಿಎಸ್‌ಗಳದ್ದೆಲ್ಲ ಒಂದೇ ಕಷ್ಟ. ಒಂದು ಫೋನ್ ಲೈನ್ ಅಂದರೆ ಒಂದು ಸಲಕ್ಕೆ ಒಬ್ಬರೇ. ಒಬ್ಬರು ಕೂತು ಸಂದೇಶ ಓದುತ್ತಿದ್ದರೆ ಉಳಿದವರಿಗೆಲ್ಲ ಎಂಗೇಜ್ ಟೋನ್. ಹಾಗಾಗಿ ದಿನಕ್ಕೆ ಒಬ್ಬರಿಗೆ ಇಷ್ಟೇ ನಿಮಿಷ ಅಂತ ಮಿತಿ ಇರುತ್ತಿತ್ತು. 1984ರಲ್ಲಿ ಟಾಮ್ ಜೆನ್ನಿಂಗ್ಸ್, ಬಿಬಿಎಸ್‌ಗಳ ನಡುವೆ ಸಂದೇಶ ಸಾಗಿಸುವ ಫಿಡೋನೆಟ್ ಜಾಲ ಶುರುಮಾಡಿದರು. ಆಮೇಲೆ ಬೇರೆ ಊರುಗಳ ಸಂದೇಶಗಳೂ ಬರತೊಡಗಿ ಓದುವುದು ಇನ್ನೂ ಜಾಸ್ತಿಯಾಯಿತು. ನಮ್ಮ ಬೆಂಗಳೂರಿನಲ್ಲೂ ಅತುಲ್ ಚಿಟ್ನಿಸ್ ಅವರು ಸಿಐಎಕ್ಸ್ ಎಂಬ ಬಿಬಿಎಸ್ ನಡೆಸುತ್ತಿದ್ದರು.

ಒಂದು ಲೆಕ್ಕ ನೋಡಿ. 2400 ಬಿಪಿಎಸ್ (ಸೆಕೆಂಡಿಗೆ 2400 ಬಿಟ್) ಮೋಡೆಮ್. ಒಂದು ಅಕ್ಷರಕ್ಕೆ 8 ಬಿಟ್, ಜೊತೆಗೆ ಒಂದು ಸ್ಟಾರ್ಟ್ ಬಿಟ್, ಒಂದು ಸ್ಟಾಪ್ ಬಿಟ್. ಒಟ್ಟು 10. ಅಂದರೆ ಸೆಕೆಂಡಿಗೆ 240 ಅಕ್ಷರ. ತಲಾ 900 ಅಕ್ಷರದ 100 ಸಂದೇಶ ಎಲ್ಲೂ ನಿಲ್ಲದೆ ಪರದೆಯ ಮೇಲೆ ಹರಿದರೂ 375 ಸೆಕೆಂಡ್ ಬೇಕು. ಆದರೆ ನಿಲ್ಲದೆ ಯಾರು ಓದುತ್ತಾರೆ? ಓದಿ, ಯೋಚಿಸಿ, ಉತ್ತರ ಟೈಪ್ ಮಾಡುವಷ್ಟು ಹೊತ್ತೂ ಲೈನ್ ಹಿಡಿದುಕೊಂಡೇ ಇರಬೇಕು. ಅದೇ ಸಂದೇಶಗಳನ್ನು ಜಿಪ್ ಮಾಡಿ ಅರ್ಧಕ್ಕೆ ಇಳಿಸಿದರೆ ಮೂರು ನಿಮಿಷ ಚಿಲ್ಲರೆಯಲ್ಲಿ ಇಳಿಸಿಕೊಂಡು ಫೋನ್ ಇಡಬಹುದು. ಓದು, ಉತ್ತರ ಎಲ್ಲ ಆಮೇಲೆ, ಲೈನ್ ಇಲ್ಲದೆ.

1987ರಲ್ಲಿ ಮಾರ್ಕ್ ಹೆರಿಂಗ್ ಪಿಸಿಬೋರ್ಡ್ ಎಂಬ ಬಿಬಿಎಸ್ ತಂತ್ರಾಂಶಕ್ಕಾಗಿ ಬರೆದ ಕ್ಯೂಮೇಲ್ ಮಾಡಿದ್ದು ಇದನ್ನೇ. ಅದರ ಪೊಟ್ಟಣದ ರೂಪವೇ ಕ್ಯೂಡಬ್ಲ್ಯೂಕೆ. ಆಮೇಲೆ ಬೇರೆ ಬಿಬಿಎಸ್ ತಂತ್ರಾಂಶಗಳಿಗೂ ಇದೇ ರೂಪದ ಡೋರ್‌ಗಳು ಬಂದವು. ಹೋಗುವ ಪೊಟ್ಟಣ ಕ್ಯೂಡಬ್ಲ್ಯೂಕೆ, ವಾಪಸ್ ಬರುವ ಉತ್ತರಗಳ ಪೊಟ್ಟಣ ಆರ್‌ಇಪಿ. ಎರಡೂ ಒಳಗೆ ಜಿಪ್ ಫೈಲ್‌ಗಳೇ.

ಡೋರ್.ಸಿಸ್: ಇಲ್ಲೇ ಎಲ್ಲ ಇದೆ

ಕರೆ ಮಾಡಿದವರು ಮೆನುವಿನಲ್ಲಿ ಮೇಲ್ ಡೋರ್ ಆರಿಸಿದ ಕೂಡಲೇ ಬಿಬಿಎಸ್ ಪಕ್ಕಕ್ಕೆ ಸರಿಯುತ್ತದೆ. ಡೋರ್ ಪ್ರೋಗ್ರಾಂ ಲೈನ್ ತೆಗೆದುಕೊಳ್ಳುತ್ತದೆ. ಆದರೆ ಫೋನ್ ಎತ್ತಿದ್ದು ಬಿಬಿಎಸ್, ಡೋರ್ ಅಲ್ಲ. ಯಾರು ಕರೆ ಮಾಡಿದ್ದಾರೆ, ಯಾವ ವೇಗದಲ್ಲಿ, ಎಷ್ಟು ನಿಮಿಷ ಉಳಿದಿದೆ, ಇದ್ಯಾವುದೂ ಡೋರ್‌ಗೆ ತಾನಾಗಿ ಗೊತ್ತಾಗುವುದಿಲ್ಲ. ಹಾಗಾಗಿ ಬಿಬಿಎಸ್ ಒಂದು ಚಿಕ್ಕ ಪಠ್ಯ ಫೈಲ್ ಬರೆದಿಡುತ್ತದೆ. ಶಿಫ್ಟ್ ಮುಗಿಸಿ ಹೊರಡುವವರು ಮುಂದಿನವರಿಗೆ ಬರೆದಿಡುವ ಚೀಟಿ ಇದ್ದ ಹಾಗೆ. ಇಂಥ ಫೈಲ್‌ಗಳಲ್ಲಿ ಹಲವು ಬಗೆ ಇವೆ. ಡೋರ್.ಸಿಸ್‌ನಲ್ಲಿ 52 ಸಾಲು, ಡೋರ್‌ಇನ್ಫೋ1.ಡೆಫ್‌ನಲ್ಲಿ 13 ಸಾಲು. ನಾನು ಡೋರ್.ಸಿಸ್ ಹಿಡಿದುಕೊಂಡೇ ಬರೆಯುತ್ತೇನೆ.

ಸಾಲುಗಳಿಗೆ ಹೆಸರಿಲ್ಲ. ಎಷ್ಟನೇ ಸಾಲು ಅನ್ನುವುದೇ ಗುರುತು. ಮೇಲ್ ಡೋರ್‌ಗೆ ಮುಖ್ಯವಾದವು ಇವು: 1ನೇ ಸಾಲು ಪೋರ್ಟ್, 2ನೇ ಸಾಲು ಕರೆಯ ವೇಗ, 4ನೇ ಸಾಲು ನೋಡ್ ಸಂಖ್ಯೆ (ಎಷ್ಟನೇ ಲೈನ್ ಅಂತ), 5ನೇ ಸಾಲು ಪೋರ್ಟಿನ ವೇಗ, 10ನೇ ಸಾಲು ಬಳಕೆದಾರರ ಹೆಸರು. 18ನೆಯದು ಉಳಿದ ಸಮಯ ಸೆಕೆಂಡಿನಲ್ಲಿ, 19ನೆಯದು ಅದೇ ಸಮಯ ನಿಮಿಷದಲ್ಲಿ. 14ನೇ ಸಾಲು ಪಾಸ್‌ವರ್ಡ್‌ಗೆ ಮೀಸಲು, ಅದೂ ಗುಟ್ಟು ಮಾಡದೆ ನೇರ ಅಕ್ಷರದಲ್ಲಿ. ಡೋರ್ ಮುಗಿದ ಮೇಲೆ ಈ ಫೈಲ್ ಅಳಿಸುವ ಸಾಲನ್ನು ಬ್ಯಾಚ್ ಫೈಲ್‌ನಲ್ಲಿ ದಯವಿಟ್ಟು ಸೇರಿಸಿ.

ಈಗ ಅಸಲು ವಿಷಯ. 2ನೇ ಸಾಲಿನಲ್ಲೂ ವೇಗ, 5ನೇ ಸಾಲಿನಲ್ಲೂ ವೇಗ. ಎರಡೆರಡು ಏಕೆ? ಇದು ಬಿಡಿಸಿಕೊಳ್ಳಲು ನನಗೆ ತುಂಬಾ ಹೊತ್ತು ಹಿಡಿಯಿತು. ಹಾಗಾಗಿ ನಿಧಾನವಾಗಿ ಬರೆಯುತ್ತೇನೆ.

ಕರೆಯಲ್ಲಿ ಎರಡು ಬೇರೆ ಬೇರೆ ದಾರಿಗಳಿವೆ. ಒಂದು, ಆಚೆಯ ಮೋಡೆಮ್‌ನಿಂದ ನಿಮ್ಮ ಮೋಡೆಮ್‌ವರೆಗಿನ ಫೋನ್ ಲೈನ್. ಇನ್ನೊಂದು, ನಿಮ್ಮ ಮೋಡೆಮ್‌ನಿಂದ ನಿಮ್ಮ ಕಂಪ್ಯೂಟರ್‌ವರೆಗಿನ ಸೀರಿಯಲ್ ಕೇಬಲ್. ಹಳೆಯ ಮೋಡೆಮ್‌ಗಳಲ್ಲಿ ಎರಡೂ ಒಂದೇ ವೇಗ. 2400ರ ಕರೆ ಬಂದರೆ ಪೋರ್ಟನ್ನೂ 2400ಕ್ಕೆ ಇಳಿಸುತ್ತಿದ್ದರು. ಎಂಎನ್‌ಪಿ 5, ವಿ.42ಬಿಸ್ ತರಹದ ಒತ್ತುವಿಕೆ (ಮಾಹಿತಿಯನ್ನು ಕುಗ್ಗಿಸುವುದು) ಮೋಡೆಮ್ ಒಳಗೇ ಬಂದ ಮೇಲೆ ಇದು ಬದಲಾಯಿತು. 14400ರ ಲೈನಿನಲ್ಲಿ ಬಂದ ಮಾಹಿತಿ ಬಿಚ್ಚಿದಾಗ ಅದಕ್ಕಿಂತ ಜಾಸ್ತಿ ಆಗುತ್ತದೆ. ಕೇಬಲ್ ಕೂಡ 14400ರಲ್ಲೇ ಇದ್ದರೆ ಅಲ್ಲಿ ಕಟ್ಟಿಕೊಳ್ಳುತ್ತದೆ. ಅದಕ್ಕೇ ಕೇಬಲ್ ವೇಗವನ್ನು 19200, 38400, 57600 ಹೀಗೆ ಒಂದು ದೊಡ್ಡ ಅಂಕಿಗೆ ಕಟ್ಟಿಹಾಕುತ್ತಾರೆ. ಯಾವ ವೇಗದ ಕರೆ ಬಂದರೂ ಅದು ಕದಲುವುದಿಲ್ಲ. ಇದನ್ನೇ ಪೋರ್ಟ್ ಲಾಕ್ ಮಾಡುವುದು ಅನ್ನುತ್ತಾರೆ.

ಹಾಗಾಗಿ 19200ಕ್ಕೆ ಲಾಕ್ ಆದ ಪೋರ್ಟಿಗೆ 2400ರ ಕರೆ ಬಂದರೆ ಚೀಟಿಯಲ್ಲಿ 2ನೇ ಸಾಲು 2400, 5ನೇ ಸಾಲು 19200. ಎರಡೂ ಸರಿ. ಒಂದು ಫೋನ್ ಲೈನಿನ ಮಾತು, ಇನ್ನೊಂದು ಕೇಬಲ್ಲಿನ ಮಾತು.

ತೊಂದರೆ ಬರುವುದು 5ನೇ ಸಾಲು ನೋಡದ ಡೋರ್‌ಗಳಿಂದ. ಅಂಥ ಡೋರ್ 2ನೇ ಸಾಲು ಓದಿ, ಪೋರ್ಟನ್ನು 2400ಕ್ಕೆ ಹೊಂದಿಸಿಬಿಡುತ್ತದೆ. ಸೀರಿಯಲ್ ಚಿಪ್‌ನಲ್ಲಿ ವೇಗ ಅನ್ನುವುದು 115200ನ್ನು ಭಾಗಿಸುವ ಒಂದು ಅಂಕಿ. 19200ಕ್ಕೆ ಅದು 6, 2400ಕ್ಕೆ 48. ಡೋರ್ ಆ 6 ತೆಗೆದು 48 ಬರೆಯುತ್ತದೆ. ಮೋಡೆಮ್‌ಗೆ ಇದು ಗೊತ್ತಾಗುವುದಿಲ್ಲ. ಕೊನೆಯ ಎಟಿ ಆಜ್ಞೆ ಯಾವ ವೇಗದಲ್ಲಿ ಬಂದಿತ್ತೋ ಅದೇ ವೇಗದಲ್ಲಿ ಅದು ಕೇಬಲ್ ಕೇಳುತ್ತಿರುತ್ತದೆ. 2400ರಲ್ಲಿ ಒಂದು ಬಿಟ್ ಸುಮಾರು 417 ಮೈಕ್ರೋಸೆಕೆಂಡ್. 19200ರಲ್ಲಿ ಇಡೀ ಅಕ್ಷರ, ಹತ್ತೂ ಬಿಟ್ ಸೇರಿ, 521 ಮೈಕ್ರೋಸೆಕೆಂಡ್. ಅಂದರೆ ಕಂಪ್ಯೂಟರ್ ಕಳಿಸಿದ ಬರೀ ಸ್ಟಾರ್ಟ್ ಬಿಟ್ ಒಂದೇ ಮೋಡೆಮ್ ಕಣ್ಣಿಗೆ ಎಂಟು ಬಿಟ್ ಆಗಿ ಕಾಣುತ್ತದೆ. ಅಕ್ಷರ ಹೇಗೆ ಉಳಿದೀತು? ಕರೆ ಮಾಡಿದವರ ಪರದೆಯಲ್ಲಿ ಕಸ ಬರುತ್ತದೆ, ಇಲ್ಲವೇ ಏನೂ ಬರುವುದಿಲ್ಲ.

ನಿಮ್ಮ ಕಡೆ ಮಾತ್ರ ಎಲ್ಲ ಚೆನ್ನಾಗಿ ಕಾಣುತ್ತದೆ. ಡೋರ್‌ನ ಬರಹ ನಿಮ್ಮ ಪರದೆಗೆ ಪೋರ್ಟ್ ಮೂಲಕ ಬರುವುದಿಲ್ಲ, ಅಲ್ವಾ? ಲೋಕಲ್ ಲಾಗಿನ್‌ನಲ್ಲಿ ಪರೀಕ್ಷಿಸಿದರೂ ಅಷ್ಟೇ, ಅಲ್ಲಿ ಪೋರ್ಟೇ ಬಳಕೆಯಾಗುವುದಿಲ್ಲ. ಇಂದಿನ ಕಂಪ್ಯೂಟರ್‌ನಲ್ಲಿ ಡಾಸ್ ಪ್ರೋಗ್ರಾಂ ಓಡಿಸುವ ಡಾಸ್‌ಬಾಕ್ಸ್‌ನ ಮೋಡೆಮ್ ಅನುಕರಣೆಯಲ್ಲೂ ಈ ಕಸ ಕಾಣಸಿಗದು. ಅಲ್ಲಿ ಬೈಟ್‌ಗಳು ಇಡಿಯಾಗಿ ದಾಟುತ್ತವೆ, ಬಿಟ್‌ಗಳ ಅಳತೆ ನಡೆಯುವುದೇ ಇಲ್ಲ. ಕಣ್ಣಾರೆ ನೋಡಬೇಕೆಂದರೆ ಎರಡು ಹಳೆಯ ಕಂಪ್ಯೂಟರ್, ನಡುವೆ ಮೋಡೆಮ್ ಇಲ್ಲದೆ ನೇರ ಜೋಡಿಸುವ ಒಂದು ನಲ್-ಮೋಡೆಮ್ ಕೇಬಲ್. ಒಂದು ಕಡೆ 19200, ಇನ್ನೊಂದು ಕಡೆ 2400 ಇಟ್ಟು ಏನಾದರೂ ಟೈಪ್ ಮಾಡಿ. ಈ ಪ್ರಯೋಗ ಒಮ್ಮೆ ಮಾಡಿ ನೋಡಿ, ಮೇಲಿನ ಲೆಕ್ಕವೆಲ್ಲ ತಟ್ಟನೆ ಅರ್ಥವಾಗುತ್ತದೆ.

ಇದಕ್ಕೆ ಒಂದು ತಪ್ಪು ಮದ್ದೂ ಇದೆ. ಬಿಬಿಎಸ್ ಬರೆದ ಚೀಟಿಯನ್ನು ತಿದ್ದಿ, 2ನೇ ಸಾಲಿಗೂ 19200 ತುಂಬುವುದು. ಕಸ ನಿಲ್ಲುತ್ತದೆ, ನಿಜ. ಆದರೆ ಪೊಟ್ಟಣ ಕಳಿಸಲು ಎಷ್ಟು ಹೊತ್ತು ಬೇಕು ಅಂತ ಡೋರ್ ಲೆಕ್ಕ ಹಾಕುವುದು ಕರೆಯ ವೇಗದಿಂದಲೇ. 90 ಕಿಲೋಬೈಟ್ ಪೊಟ್ಟಣ ಅಂದರೆ 92160 ಬೈಟ್. ಸೆಕೆಂಡಿಗೆ 240ರಂತೆ 384 ಸೆಕೆಂಡ್, ಆರು ನಿಮಿಷಕ್ಕಿಂತ ಜಾಸ್ತಿ. 19200 ಅಂತ ನಂಬಿದ ಡೋರ್ ಇದನ್ನು 48 ಸೆಕೆಂಡ್ ಅನ್ನುತ್ತದೆ. ಐದು ನಿಮಿಷ ಉಳಿದವರಿಗೆ ಧಾರಾಳವಾಗಿ ಪೊಟ್ಟಣ ಶುರುಮಾಡುತ್ತದೆ. ಪೊಟ್ಟಣ ಪೂರ್ತಿ ಇಳಿಯುವ ಮೊದಲೇ ಅವರ ಸಮಯ ಮುಗಿದಿರುತ್ತದೆ. ಸಮಯ ಉಳಿಸಲೆಂದೇ ಹಾಕಿದ ಡೋರ್ ಅವರ ಇಡೀ ದಿನದ ಪಾಲನ್ನು ತಿಂದುಹಾಕಿದ ಹಾಗಾಯಿತು. 2ನೇ ಸಾಲು ಮುಟ್ಟಬೇಡಿ.

ಫಾಸಿಲ್‌ನಲ್ಲೇ ಲಾಕ್ ಮಾಡಿ

ನನಗೆ ತುಂಬಾ ಇಷ್ಟವಾದ ದಾರಿ ಇದು. ಫಾಸಿಲ್ ಅಂದರೆ ಪೋರ್ಟ್ ನೋಡಿಕೊಳ್ಳುವ ಚಿಕ್ಕ ಡ್ರೈವರ್. ರೇ ಗ್ವಿನ್ ಬರೆದ ಎಕ್ಸ್00, ಡೇವಿಡ್ ನ್ಯೂಜೆಂಟ್ ಬರೆದ ಬಿಎನ್‌ಯು, ಇವೆರಡು ಹೆಚ್ಚು ಬಳಕೆಯಲ್ಲಿದ್ದವು. ಬಿಬಿಎಸ್, ಡೋರ್ ಎರಡೂ ಇಂಟರಪ್ಟ್ 14 ಹೆಕ್ಸ್ ಮೂಲಕ ಇದರ ಜೊತೆ ಮಾತಾಡುತ್ತವೆ. ಡ್ರೈವರ್ ಹಾಕುವಾಗಲೇ ಪೋರ್ಟಿನ ವೇಗ ಲಾಕ್ ಮಾಡಿಟ್ಟರೆ, ಆಮೇಲೆ ಯಾವ ಡೋರ್ 2400 ಕೇಳಿದರೂ ಡ್ರೈವರ್ ಆ ಮಾತನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಚಿಪ್‌ನ ಅಂಕಿ ಹಾಗೇ ಉಳಿಯುತ್ತದೆ. ಸಮಯದ ಲೆಕ್ಕಕ್ಕೆ ಡೋರ್ 2ನೇ ಸಾಲಿನ 2400 ಇಟ್ಟುಕೊಳ್ಳುತ್ತದೆ. ಎರಡೂ ಕೆಲಸ ಒಟ್ಟಿಗೆ ಸರಿಹೋಯಿತು!

57600ಕ್ಕೆ ಹೋಗುವವರಿಗಂತೂ ಬೇರೆ ದಾರಿ ಕಡಿಮೆ. ಫಾಸಿಲ್‌ನಲ್ಲಿ ವೇಗ ಕೇಳುವ ಮೂಲ ಆಜ್ಞೆಗೆ ಇರುವುದು ಮೂರೇ ಬಿಟ್. ಅಂದರೆ ಎಂಟು ವೇಗ. 300ರಿಂದ 38400ರವರೆಗೆ ಅಲ್ಲಿಗೆ ಮುಗಿಯಿತು. ಅದಕ್ಕಿಂತ ಮೇಲಿನ ವೇಗವನ್ನು ಆ ಆಜ್ಞೆಯಲ್ಲಿ ಡೋರ್ ಕೇಳಲು ಬರುವುದೇ ಇಲ್ಲ. ಡ್ರೈವರ್‌ನಲ್ಲಿ ಮೊದಲೇ ಲಾಕ್ ಮಾಡಿದರೆ ಕೇಳುವ ಪ್ರಶ್ನೆಯೇ ಬರುವುದಿಲ್ಲ.

ಎರಡು ಎಚ್ಚರಿಕೆ. ಡೋರ್‌ನ ಹೊಂದಿಕೆಯಲ್ಲಿ ಫಾಸಿಲ್ ಬಳಸು ಅಂತ ಹೇಳಿರಬೇಕು. ಚಿಪ್‌ಗೆ ನೇರ ಕೈಹಾಕುವ ಡೋರ್‌ಗೆ ಡ್ರೈವರ್‌ನ ಲಾಕ್ ಲೆಕ್ಕಕ್ಕೇ ಇಲ್ಲ. ಇನ್ನೊಂದು, ಫಾಸಿಲ್ ಪೋರ್ಟ್‌ಗಳನ್ನು ಸೊನ್ನೆಯಿಂದ ಎಣಿಸುತ್ತದೆ. ಕಾಮ್1 ಅಲ್ಲಿ 0.

ಲಾಕ್ ಮಾಡಿದ ಮೇಲೆ ಆರ್‌ಟಿಎಸ್/ಸಿಟಿಎಸ್ ಹರಿವಿನ ನಿಯಂತ್ರಣ ಮೋಡೆಮ್‌ನಲ್ಲೂ ಡ್ರೈವರ್‌ನಲ್ಲೂ ಇರಲೇಬೇಕು. ಕಂಪ್ಯೂಟರ್ ಸೆಕೆಂಡಿಗೆ 1920 ಅಕ್ಷರ ಸುರಿಯುತ್ತದೆ, ಲೈನ್ 240 ಮಾತ್ರ ಒಯ್ಯುತ್ತದೆ. ಸಾಕು ಅಂತ ಮೋಡೆಮ್ ಹೇಳುವುದು ಸಿಟಿಎಸ್ ತಂತಿಯಲ್ಲೇ. 38400 ಅಥವಾ ಅದಕ್ಕಿಂತ ಮೇಲೆ ಹೋಗುವುದಾದರೆ 16550ಎ ಚಿಪ್ ಇದೆಯಾ ನೋಡಿಕೊಳ್ಳಿ. ಅದರಲ್ಲಿ ಬಂದ 16 ಬೈಟ್ ಕಾದಿಡಲು ಜಾಗವಿದೆ. ಹಳೆಯ 8250ರಲ್ಲಿ ಒಂದೇ ಬೈಟ್.

ಪೊಟ್ಟಣದ ಒಳಗೆ, ಚುಟುಕಾಗಿ

ಕಂಟ್ರೋಲ್.ಡ್ಯಾಟ್‌ನಲ್ಲಿ ಬಿಬಿಎಸ್ ಹೆಸರು, ಗುರುತು, ವಿಭಾಗಗಳ ಪಟ್ಟಿ. ಮೆಸೇಜಸ್.ಡ್ಯಾಟ್‌ನಲ್ಲಿ ಸಂದೇಶಗಳು, 128 ಬೈಟ್‌ನ ತುಂಡುಗಳಲ್ಲಿ. ಪ್ರತಿ ಸಂದೇಶದ ಮೊದಲ ತುಂಡು ತಲೆಬರಹ. ಸಾಲಿನ ಕೊನೆಗೆ 227 ಎಂಬ ಬೈಟ್. ಎಂಟು ಅಕ್ಷರದೊಳಗಿನ ಬಿಬಿಎಸ್ ಗುರುತನ್ನು ಮೊದಲ ದಿನವೇ ಯೋಚಿಸಿ ಇಡಿ. ಪೊಟ್ಟಣದ ಹೆಸರೂ ಅದೇ, ಆರ್‌ಇಪಿ ಒಳಗಿನ ಫೈಲ್‌ನ ಮೊದಲ ತುಂಡಿನಲ್ಲಿ ಇರಬೇಕಾದದ್ದೂ ಅದೇ. ನಡುವೆ ಬದಲಾಯಿಸಿದರೆ ಜನ ಮನೆಯಲ್ಲಿ ಬರೆದಿಟ್ಟ ಉತ್ತರಗಳು ಹಳೆಯ ಗುರುತಿನಲ್ಲಿ ಬರುತ್ತವೆ, ಡೋರ್ ಅವನ್ನು ತೆಗೆದುಕೊಳ್ಳುವುದಿಲ್ಲ.

ಸಂದೇಶ ಸಂಖ್ಯೆಯ ಜಾಗದ ಬಗ್ಗೆ ಒಂದು ಮಾತು. ಕ್ಯೂಡಬ್ಲ್ಯೂಕೆಯಲ್ಲಿ ಅಲ್ಲಿ ಸಂದೇಶ ಸಂಖ್ಯೆಯೇ ಇರುತ್ತದೆ. ಆರ್‌ಇಪಿಯಲ್ಲಿ ಅದೇ ಜಾಗದಲ್ಲಿ ವಿಭಾಗದ ಸಂಖ್ಯೆ ಇರುತ್ತದೆ. ಉತ್ತರಕ್ಕೆ ಇನ್ನೂ ಸಂಖ್ಯೆ ಸಿಕ್ಕಿರುವುದಿಲ್ಲವಲ್ಲ.

ಓದಿದ ಗುರುತು ಮುಂದೆ ಹೋಗದಿದ್ದರೆ

ಎಲ್ಲಿವರೆಗೆ ಓದಿದ್ದಾರೆ ಅನ್ನುವ ಗುರುತನ್ನು ಪೊಟ್ಟಣ ಪೂರ್ತಿ ತಲುಪಿದ ಮೇಲಷ್ಟೇ ಮುಂದೆ ಸರಿಸಬೇಕು. ಮೊದಲೇ ಸರಿಸಿದರೆ, ಲೈನ್ ಕಟ್ ಆದಾಗ ಆ ಸಂದೇಶಗಳು ಅವರಿಗೆ ಮತ್ತೆ ಬರುವುದಿಲ್ಲ. ಕಳಿಸುವ ಕೆಲಸ ಸಾಮಾನ್ಯವಾಗಿ ಹೊರಗಿನ ಪ್ರೋಗ್ರಾಂದು. ಫೈಲ್ ಕಳಿಸುವ ಝಡ್‌ಮೋಡೆಮ್ ವಿಧಾನ ರೂಪಿಸಿದ ಚಕ್ ಫೋರ್ಸ್‌ಬರ್ಗ್ ಅವರದೇ ಡಿಎಸ್‌ಝಡ್ ಅದಕ್ಕೆ ಬಳಕೆಯಾಗುತ್ತಿತ್ತು. ತಲುಪಿತೋ ಇಲ್ಲವೋ ಅಂತ ಅದು ಒಂದು ಲಾಗ್ ಫೈಲ್‌ನಲ್ಲಿ ಬರೆಯುತ್ತದೆ. ಆ ಫೈಲ್ ಎಲ್ಲಿ ಅನ್ನುವುದನ್ನು ಡಿಎಸ್‌ಝಡ್‌ಲಾಗ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಕೊಡಬೇಕು. ಅದನ್ನು ಹೊಂದಿಸದಿದ್ದರೆ ಡೋರ್‌ಗೆ ಓದಲು ಲಾಗ್ ಸಿಗುವುದಿಲ್ಲ. ಆಗ ಪೊಟ್ಟಣ ಸರಿಯಾಗಿ ತಲುಪಿದರೂ ಮುಂದಿನ ಕರೆಯಲ್ಲಿ ಅವೇ ಸಂದೇಶಗಳು ಮತ್ತೆ ಬರುತ್ತವೆ. ಒಂದಕ್ಕಿಂತ ಹೆಚ್ಚು ಲೈನ್ ಇದ್ದರೆ ಪ್ರತಿ ನೋಡ್‌ಗೂ ಬೇರೆ ಲಾಗ್, ಬೇರೆ ಕೆಲಸದ ಡೈರೆಕ್ಟರಿ ಇರಲಿ. ಇಲ್ಲದಿದ್ದರೆ ಒಬ್ಬರ ಪೊಟ್ಟಣದ ಮೇಲೆ ಇನ್ನೊಬ್ಬರದು ಬರೆದುಹೋಗುತ್ತದೆ.

ಜಿಪ್ ಬಗ್ಗೆಯೂ ಗಮನವಿರಲಿ. ಪಿಕೆಜಿಪ್ 2.04ಜಿ 1993ರದು, ಚೆನ್ನಾಗಿ ಒತ್ತುತ್ತದೆ. ಆದರೆ ಅದು ಒತ್ತಿದ್ದನ್ನು ಹಳೆಯ 1.10 ಬಿಚ್ಚಲಾರದು. ಡೋರ್‌ನಲ್ಲಿ ಎರಡನ್ನೂ ಇಟ್ಟು, ಯಾವುದು ಬೇಕು ಅಂತ ಬಳಕೆದಾರರೇ ಆರಿಸಿಕೊಳ್ಳಲು ಬಿಡಿ.