186 ಎಂದರೆ ಎಷ್ಟು ವೋಲ್ಟ್?

ಸರ್ವರ್‌ನ ಮದರ್‌ಬೋರ್ಡಿನ ಮೇಲೆ ಬೆರಳ ಉಗುರಿನಷ್ಟು ಅಗಲದ ಒಂದು ಚಿಪ್ ಹಗಲಿರುಳೂ ಯಂತ್ರದ ನಾಡಿ ಹಿಡಿದು ಕುಳಿತಿರುತ್ತದೆ. ಫ್ಯಾನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ, ಬೋರ್ಡ್ ಎಷ್ಟು ಬಿಸಿಯಾಗಿದೆ, ಪವರ್ ಸಪ್ಲೈಯಿಂದ ಬರುತ್ತಿರುವ ವೋಲ್ಟೇಜ್ ಸರಿಯಿದೆಯೇ ಎಂಬುದೆಲ್ಲ ಅದಕ್ಕೆ ಗೊತ್ತು. ಆದರೆ ಏನನ್ನು ಕೇಳಿದರೂ ಅದು ಕೊಡುವುದು ಬರಿಯ ಒಂದು ಸಂಖ್ಯೆಯನ್ನು ಮಾತ್ರ, ಉದಾಹರಣೆಗೆ, 186.

ಈ ಬಗೆಯ ಹಳೆಯ ಚಿಪ್‌ಗಳ ಅಳತೆ 8 ಬಿಟ್‌ನದು, ಅಂದರೆ 0ಯಿಂದ 255ರವರೆಗಿನ ಮೆಟ್ಟಿಲುಗಳದ್ದು. ಒಂದೊಂದು ಮೆಟ್ಟಿಲು 16 ಮಿಲಿವೋಲ್ಟ್ ಆದ್ದರಿಂದ 4 ವೋಲ್ಟ್ ದಾಟಿದ ಮೇಲೆ ಅದಕ್ಕೆ ಅಳೆಯಲು ಹೆಚ್ಚು ಜಾಗ ಉಳಿಯುವುದಿಲ್ಲ. ತಂತಿಯಲ್ಲಿ ಬರುವುದೋ 5 ಇಲ್ಲವೇ 12 ವೋಲ್ಟ್. ಹಾಗಾಗಿ ಬೋರ್ಡ್ ತಯಾರಕರು ನಡುವೆ ಎರಡು ರೆಸಿಸ್ಟರ್‌ಗಳನ್ನಿಟ್ಟು ವೋಲ್ಟೇಜನ್ನು ತಗ್ಗಿಸಿ ಚಿಪ್‌ಗೆ ಒಪ್ಪಿಸುತ್ತಾರೆ. ಆ ಜೋಡಿ 6.8 ಮತ್ತು 10 ಕಿಲೋಓಮ್‌ಗಳದ್ದಾದರೆ, ಓದಿದ್ದನ್ನು 1.68ರಿಂದ ಗುಣಿಸಬೇಕು: 186 ಮೆಟ್ಟಿಲು ಎಂದರೆ 2976 ಮಿಲಿವೋಲ್ಟ್, ಗುಣಿಸಿದರೆ ಹೆಚ್ಚುಕಡಿಮೆ ಸರಿಯಾಗಿ 5 ವೋಲ್ಟ್. ಜೋಡಿ 28 ಮತ್ತು 10 ಕಿಲೋಓಮ್‌ಗಳದ್ದಾದರೆ ಗುಣಕ 3.8, ಅದೇ 186 ಆಗ 11.31 ವೋಲ್ಟ್ ಆಗುತ್ತದೆ. 12 ವೋಲ್ಟಿನ ತಂತಿ, ಪವರ್ ಸಪ್ಲೈಗಳಿಗೆಂದು ಇರುವ ಎಟಿಎಕ್ಸ್ ಮಾನಕದ ಹಳೆಯ ಆವೃತ್ತಿಗಳ ಪ್ರಕಾರ, 11.4ಕ್ಕಿಂತ ಕೆಳಗಿಳಿಯಬಾರದು. ಅಂದರೆ ಒಂದೇ ಸಂಖ್ಯೆ ಒಂದು ಕಡೆ ಆರೋಗ್ಯದ ಗುರುತು, ಇನ್ನೊಂದು ಕಡೆ ಪವರ್ ಸಪ್ಲೈ ಸೊರಗುತ್ತಿರುವ ಗುರುತು.

ಯಾವ ರೆಸಿಸ್ಟರ್ ಹಾಕಲಾಗಿದೆ ಎಂಬುದನ್ನು ಚಿಪ್ ಹೇಳಲಾರದು, ತಯಾರಕರು ಹೇಳುವುದು ಅಪರೂಪ. ಮುಕ್ತ ತಂತ್ರಾಂಶದವರಿಗೆ ತಲೆನೋವು ಶುರುವಾಗುವುದೇ ಇಲ್ಲಿ. ಲಿನಕ್ಸ್ ಕರ್ನಲ್ಲಿನಲ್ಲಿ ಸಂವೇದಕಗಳನ್ನು ನೋಡಿಕೊಳ್ಳುವ ಎಚ್‌ಡಬ್ಲ್ಯುಮಾನ್ ವಿಭಾಗವು ಸಾಮಾನ್ಯವಾಗಿ ಚಿಪ್‌ನ ಕಾಲಿನಲ್ಲಿ (ಪಿನ್) ಕಂಡ ಮಿಲಿವೋಲ್ಟನ್ನು ಹಾಗೆಯೇ ಒಂದು ಕಡತದಲ್ಲಿ ತೋರಿಸಿ ಸುಮ್ಮನಾಗುತ್ತದೆ. ಗುಣಿಸುವ ಕೆಲಸ ಎಲ್‌ಎಂ-ಸೆನ್ಸರ್ಸ್ ತಂತ್ರಾಂಶದ ಸಂರಚನಾ ಕಡತದ್ದು, ಅದನ್ನು ತಿದ್ದುವ ಹೊಣೆ ನಮ್ಮದು. ಓಪನ್‌ಬಿಎಸ್‌ಡಿ ಎಂಬ ಇನ್ನೊಂದು ಮುಕ್ತ ಕಾರ್ಯಾಚರಣಾ ವ್ಯವಸ್ಥೆಯವರು ಬಳಕೆದಾರರಿಗೆ ಈ ಉಸಾಬರಿಯೇ ಬೇಡವೆಂದು ವಾಡಿಕೆಯ ಗುಣಕಗಳನ್ನು ಡ್ರೈವರ್‌ನೊಳಗೇ (ಚಿಪ್ ಜೊತೆ ಮಾತಾಡುವ ತಂತ್ರಾಂಶದೊಳಗೇ) ಬರೆದಿಟ್ಟಿದ್ದಾರೆ. ಸಿಸ್‌ಸಿಟಿಎಲ್ ಆದೇಶ ಕೊಟ್ಟರೆ ಸಾಕು, ವೋಲ್ಟ್ ಲೆಕ್ಕದಲ್ಲೇ ಉತ್ತರ ಬರುತ್ತದೆ. ಇದು ಅಚ್ಚುಕಟ್ಟು ನಿಜ, ಆದರೆ ನಿಮ್ಮ ಬೋರ್ಡ್ ವಾಡಿಕೆಗೆ ಹೊರತಾಗಿದ್ದರೆ ಅಷ್ಟೇ ಅಚ್ಚುಕಟ್ಟಾಗಿ ತಪ್ಪು ಉತ್ತರವೂ ಬರುತ್ತದೆ. ಅದರ ಸೋದರ ವ್ಯವಸ್ಥೆ ನೆಟ್‌ಬಿಎಸ್‌ಡಿಯಲ್ಲಿ ಗುಣಕ ಡ್ರೈವರ್‌ನಲ್ಲೂ ಇರುತ್ತದೆ, ಬೇಕೆಂದವರು ಬದಲಿಸಲೂಬಹುದು; ನನಗೆ ಹಿಡಿಸಿದ್ದು ಇದೇ.

ಉಷ್ಣತೆಯ ಕಥೆಯೂ ಬೇರೆಯಲ್ಲ. ಇಂಟೆಲ್ ಪ್ರೊಸೆಸರ್‌ನ ಒಳಗಿನ ಸಂವೇದಕ ತಾನು ಎಷ್ಟು ಬಿಸಿಯಾಗಿದ್ದೇನೆ ಎನ್ನುವುದಿಲ್ಲ, ಗರಿಷ್ಠ ಮಿತಿಗೆ ಇನ್ನೆಷ್ಟು ಡಿಗ್ರಿ ಬಾಕಿ ಇದೆ ಎನ್ನುತ್ತದೆ; ಕಳೆಯುವ ಲೆಕ್ಕ ಡ್ರೈವರ್‌ನದು. ಏನನ್ನೂ ಜೋಡಿಸದೆ ಬಿಟ್ಟ ಕಾಲಿನಿಂದ 127 ಡಿಗ್ರಿ ಎಂಬ ಉತ್ತರ ಬಂದು ಹೊಸಬರು ಬೆಚ್ಚಿಬೀಳುವುದೂ ಉಂಟು.

ಚಿಪ್ ಎಲ್ಲಿದೆ ಎಂದು ಹುಡುಕುವುದರಲ್ಲೂ ಅಪಾಯವಿತ್ತು. ಸಂವೇದಕಗಳು ಕೂರುವ ಎಸ್‌ಎಂಬಸ್ ಎಂಬ ಸಂಪರ್ಕ ಹಾದಿಯಲ್ಲಿ ಹೆಸರು ಕೂಗಿ ಹಾಜರಿ ಹಾಕುವ ಪದ್ಧತಿಯಿಲ್ಲ. ಒಂದೊಂದೇ ವಿಳಾಸವನ್ನು ತಟ್ಟಿ ನೋಡಬೇಕು. 2000ದ ಆಸುಪಾಸಿನಲ್ಲಿ ಹೀಗೆ ತಟ್ಟಿದ್ದರಿಂದ ಐಬಿಎಂನ ಕೆಲವು ಥಿಂಕ್‌ಪ್ಯಾಡ್‌ಗಳ ಸ್ಮೃತಿ ಚಿಪ್ ಕೆಟ್ಟು, ಅವು ಮತ್ತೆ ಶುರುವಾಗದೇ ಹೋದವು. ಆಮೇಲೆ ಕೆಲವು ಕಾಲ ಎಲ್‌ಎಂ-ಸೆನ್ಸರ್ಸ್ ಐಬಿಎಂ ಯಂತ್ರಗಳನ್ನು ಕಂಡರೆ ಕೆಲಸವನ್ನೇ ನಿರಾಕರಿಸುತ್ತಿತ್ತು.

ದೊಡ್ಡ ಸರ್ವರ್‌ಗಳಲ್ಲಿ ಈ ಊಹೆಯ ಕಾಟ ಕಡಿಮೆ. 1998ರಲ್ಲಿ ಇಂಟೆಲ್, ಡೆಲ್, ಎಚ್‌ಪಿ ಮತ್ತು ಎನ್‌ಇಸಿ ಕೂಡಿ ರೂಪಿಸಿದ ಐಪಿಎಂಐ ಮಾನಕದ ಪ್ರಕಾರ, ಬೋರ್ಡಿನ ಮೇಲೊಂದು ಪುಟ್ಟ ಸ್ವತಂತ್ರ ಗಣಕ ಇರುತ್ತದೆ; ಮುಖ್ಯ ಯಂತ್ರ ಆಫ್ ಆಗಿದ್ದರೂ ಅದು ಎಚ್ಚರವಾಗಿರುತ್ತದೆ. ಪ್ರತಿ ಸಂವೇದಕದ ಹೆಸರಿನ ಜೊತೆಗೆ ಅದರ ಗುಣಕವನ್ನೂ ಅದೇ ದಾಖಲಿಸಿಟ್ಟುಕೊಂಡಿರುವುದರಿಂದ, ಅದನ್ನು ಓದುವ ಐಪಿಎಂಐಟೂಲ್ ತಂತ್ರಾಂಶಕ್ಕೆ 186ರ ಜೊತೆಗೆ ಅದರ ಅರ್ಥವೂ ಸಿಗುತ್ತದೆ. ಆದರೆ ಆ ಪುಟ್ಟ ಗಣಕದೊಳಗಿನ ತಂತ್ರಾಂಶ ಬಹುಪಾಲು ಮುಕ್ತವಲ್ಲ, ದಾಖಲೆಯಲ್ಲೇ ತಪ್ಪು ನುಸುಳಿದ್ದರೆ ಹೊರಗಿನವರಿಗೆ ತಿದ್ದುವುದು ಕಷ್ಟ. ಅನುಮಾನ ಬಂದಾಗ ಮಾಮೂಲಿ ಎಟಿಎಕ್ಸ್ ಪವರ್ ಸಪ್ಲೈಯ ಹಳದಿ (12 ವೋಲ್ಟ್) ತಂತಿಗೂ ಕಪ್ಪು ತಂತಿಗೂ ಮಲ್ಟಿಮೀಟರ್ ಹಿಡಿದು ನೋಡುವುದೇ ಸರಿ.