ವಿಂಟರ್‌ಸೆಟ್‌ನ ಸೇತುವೆಗೆ ಸೂರು ಯಾರಿಗಾಗಿ?

ಪ್ರಶ್ನೆ: ಅಮೆರಿಕದ ಅಯೋವಾ ರಾಜ್ಯದ ವಿಂಟರ್‌ಸೆಟ್‌ಗೆ ಹೋಗುತ್ತಿದ್ದೇವೆ. ಅಲ್ಲಿನ ಮರದ ಸೇತುವೆಗಳಿಗೆ ಮನೆಯ ಹಾಗೆ ಗೋಡೆ, ಸೂರು ಎರಡೂ ಇವೆಯಲ್ಲ, ಅದು ಹಿಮ ಬೀಳುವಾಗ ದಾರಿಹೋಕರು ನಿಲ್ಲಲಿ ಅಂತ ತಾನೇ?

ಅಲ್ಲ. ಇದಕ್ಕೆ ಎಷ್ಟು ಸಲ ಉತ್ತರ ಬರೆದೆನೋ ಲೆಕ್ಕವಿಲ್ಲ. ಆದರೂ ಪ್ರಶ್ನೆ ಬರುವುದು ನಿಂತಿಲ್ಲ. ಈ ಸಲ ಬಿಡಿಸಿಯೇ ಹೇಳುತ್ತೇನೆ.

ಆ ಸೂರು ಜನರಿಗಲ್ಲ, ಮರಕ್ಕೆ. ವಿಂಟರ್‌ಸೆಟ್ ಕೇಂದ್ರವಾಗಿರುವ ಮ್ಯಾಡಿಸನ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಇಂಥ ಸೇತುವೆಗಳು ಒಂದು ಕಾಲಕ್ಕೆ 19 ಇದ್ದವು. ಈಗಿರುವುದು 6. ಹತ್ತಿರದಲ್ಲಿ ವಾಸವಿದ್ದವರ ಹೆಸರನ್ನೇ ಸೇತುವೆಗೆ ಇಡುವುದು ಅಲ್ಲಿನ ರೂಢಿ. 1883ರ ರೋಸ್‌ಮನ್ ಸೇತುವೆಯೊಳಗೆ ನಿಂತು ಪಕ್ಕಕ್ಕೆ ನೋಡಿ. ಓರೆ ಹಲಗೆಗಳು ಒಂದನ್ನೊಂದು ಕತ್ತರಿಸಿಕೊಂಡು ಕಿಟಕಿಯ ಜಾಲರಿಯ ಹಾಗೆ ಕಾಣುತ್ತವೆ. ಅದು ಅಲಂಕಾರವಲ್ಲ, ಭಾರ ಹೊರುವುದೇ ಆ ಜಾಲರಿ. ಹಲಗೆಗಳು ಕೂಡುವ ಕಡೆ ನೀರು ನಿಂತರೆ ಮರ ಕೊಳೆಯುತ್ತದೆ. ನೆಲಕ್ಕೆ ಹಾಕಿದ ದಪ್ಪ ತೊಲೆಗಳಂತೂ ಬಲು ದುಬಾರಿ. ಸೂರಿನ ಹಲಗೆ ಅಗ್ಗ, ಹಾಳಾದರೆ ಬದಲಿಸುವುದೂ ಸುಲಭ. ಕೌಂಟಿಯವರು ಹಾಕಿದ ಲೆಕ್ಕ ಇಷ್ಟೇ. ಮಳೆಗಾಲದಲ್ಲಿ ಸೌದೆ ರಾಶಿಗೆ ತಗಡು ಹೊದಿಸುತ್ತೇವಲ್ಲ, ಅದರ ಕೆಳಗೆ ನಾವು ನಿಲ್ಲಲಿ ಅಂತಲಾ?

ಹಿಮದ ಮಾತಿಗಂತೂ ಬುಡವೇ ಇಲ್ಲ. ಆಗ ಚಳಿಗಾಲದಲ್ಲಿ ಓಡಾಡಲು ಜಾರುಬಂಡಿ ಬೇಕಿತ್ತು. ಒಣ ಹಲಗೆಯ ಮೇಲೆ ಅದು ಜಾರುವುದಿಲ್ಲ. ಅದಕ್ಕೇ ಅಮೆರಿಕದ ಈಶಾನ್ಯ ಭಾಗದಲ್ಲಿ ಕೂಲಿ ಕೊಟ್ಟು, ಹೊರಗಿನ ಹಿಮ ತರಿಸಿ, ಇಂಥ ಸೇತುವೆಯೊಳಗೆ ಹರಡಿಸುತ್ತಿದ್ದರು! ಹಿಮ ತಡೆಯಲೆಂದೇ ಸೂರು ಹಾಕಿದವರು ಮತ್ತೆ ಹಿಮ ಒಳಗೆ ತರುತ್ತಾರಾ?

ಕುದುರೆಗಳು ಹೊಳೆ ಕಂಡು ಬೆದರದಿರಲಿ ಅಂತ ಗೋಡೆ ಕಟ್ಟಿದರು ಅನ್ನುವವರೂ ಇದ್ದಾರೆ. ಸೂರು, ಗೋಡೆ ಎರಡೂ ಇಲ್ಲದ ಸೇತುವೆಗಳ ಮೇಲೆ ಕುದುರೆಗಳು ದಿನಾ ಹೋಗುತ್ತಿದ್ದವು. ಆ ಬೆದರುವ ಕಥೆಯನ್ನು ದಯವಿಟ್ಟು ಮಕ್ಕಳಿಗೆ ಹೇಳಿಕೊಡಬೇಡಿ.

ಸೀಡರ್ ಸೇತುವೆಯ ಹತ್ತಿರ ಒಂದು ಗಳಿಗೆ ನಿಲ್ಲಿ. 1883ರ ಮೂಲ ಸೇತುವೆ 2002ರಲ್ಲಿ ಸುಟ್ಟುಹೋಯಿತು. ಮತ್ತೆ ಕಟ್ಟಿದ್ದು 2017ರಲ್ಲಿ ಸುಟ್ಟಿತು. ಅಲ್ಲಿನವರು 2019ರಲ್ಲಿ ಇನ್ನೊಮ್ಮೆ ಕಟ್ಟಿದರು. ನನಗೆ ಆ ಊರಿನ ಮೇಲೆ ಗೌರವ ಜಾಸ್ತಿಯಾಗಿದ್ದು ಇದರಿಂದಲೇ.

ಊರಿನ ಚೌಕದ ನಡುವೆ 1870ರ ದಶಕದ ಸುಣ್ಣಕಲ್ಲಿನ ಕೋರ್ಟ್ ಕಟ್ಟಡವಿದೆ. 1907ರಲ್ಲಿ ನಟ ಜಾನ್ ವೇನ್ ಹುಟ್ಟಿದ ಪುಟ್ಟ ಮನೆಯೂ ಇದೆ. ಇವೆರಡನ್ನೂ ಎಲ್ಲರೂ ನೋಡುತ್ತಾರೆ. ಸೇಬಿನ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ.

ಇದೇ ಕೌಂಟಿಯ ಪೆರು ಹಳ್ಳಿಯ ರೈತ ಜೆಸ್ಸೀ ಹಯಾಟ್ ತೋಟದಲ್ಲಿ, ಸಾಲು ಬಿಟ್ಟು ಒಂದು ಸೇಬಿನ ಸಸಿ ತಾನಾಗಿ ಹುಟ್ಟಿತು. ಕಡಿದರು, ಚಿಗುರಿತು. ಮತ್ತೆ ಕಡಿದರು, ಮತ್ತೆ ಚಿಗುರಿತು. ಕೊನೆಗೆ ಇರಲಿ ಅಂತ ಬಿಟ್ಟರು. ಅದರ ಹಣ್ಣು 1893ರಲ್ಲಿ ಮಿಸೌರಿಯ ನರ್ಸರಿಯೊಂದರ ಸ್ಪರ್ಧೆಯಲ್ಲಿ ಗೆದ್ದು ‘ಡಿಲಿಷಿಯಸ್’ ಆಯಿತು. ನಮ್ಮ ತಳ್ಳುಗಾಡಿಗಳಲ್ಲಿ ‘ವಾಷಿಂಗ್ಟನ್ ಆಪಲ್’ ಅಂತ ಸ್ಟಿಕರ್ ಹಚ್ಚಿ ಮಾರುವ ಕಡುಗೆಂಪು ಸೇಬು ಅದೇ ಮರದ ವಂಶ. 1910ರ ದಶಕದಲ್ಲಿ, ಭಾರತಕ್ಕೆ ಬಂದು ನೆಲೆಸಿದ್ದ ಅಮೆರಿಕನ್ ಸ್ಯಾಮ್ಯುಯೆಲ್ ಸ್ಟೋಕ್ಸ್ ಶಿಮ್ಲಾ ಕಡೆಯ ಕೋಟ್‌ಗಢದಲ್ಲಿ ನೆಟ್ಟದ್ದೂ ಇದೇ ತಳಿ. ಮುಂದಿನ ಸಲ ಕೊಂಡಾಗ ಹಣ್ಣನ್ನು ತಲೆಕೆಳಗು ಮಾಡಿ ನೋಡಿ. ತಳದಲ್ಲಿ ಐದು ಉಬ್ಬುಗಳಿರುತ್ತವೆ.